ನೀಲಿ ಆಲ್ಬಮ್ಮಿನ ಮೂರು ವಿಷಲ್

ಕಳೆದ ನವೆಂಬರ್‌ನ ಎರಡನೇ ಭಾನುವಾರ ಮಧ್ಯಾಹ್ನ, ಇಂದಿರಾನಗರದ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ, ತೊಂಬತ್ತರ ದಶಕದ ಒಂದು ಎಲೆಕ್ಟ್ರಾನಿಕ್ ನೃತ್ಯಸಂಗೀತದ ರೆಕಾರ್ಡನ್ನು ಮೊದಲಿಂದ ಕೊನೆಯವರೆಗೆ ಹಾಕಲಾಯಿತು. ಅದರಲ್ಲಿ ವಿಷಲ್ ಇರಲಿಲ್ಲ.

ಇದು ಯಾಕೆ ಸುದ್ದಿ ಎನ್ನುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

ನಾವು ನಾಲ್ವರು ಕಂಟೋನ್ಮೆಂಟಿನ ಒಂದೇ ಕಾಲೇಜಿನಲ್ಲಿ ಓದಿದವರು. ಈಗ ಐವತ್ತರ ಆಸುಪಾಸಿನಲ್ಲಿದ್ದೇವೆ. ಒಬ್ಬರನ್ನೊಬ್ಬರು ಏರಿಯಾ ಹಿಡಿದು ಕರೆಯುವುದು ಆಗಿನಿಂದಲೂ ರೂಢಿ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಶಿವಾಜಿನಗರದವನ ತಂದೆಗೆ ಆಟೋಗಳಿಗೆ ಸ್ಪೀಕರ್ ಕೂರಿಸುವ ಅಂಗಡಿ ಇತ್ತು, ಈಗ ಅದು ಅವನದು. ಬೆನ್ಸನ್ ಟೌನ್‌ನವನದು ಧಾರವಾಡದಿಂದ ವರ್ಗವಾಗಿ ಬಂದ ಕುಟುಂಬ. ಅವನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಮೂರನೆಯವನು ಕ್ವಾರ್ಟರ್ಸ್. ಕೆ.ಆರ್. ಪುರದ ಕಡೆ ಸರ್ಕಾರಿ ಕಾರ್ಖಾನೆಯೊಂದರ ವಸತಿಗೃಹಗಳಲ್ಲಿ ಬೆಳೆದದ್ದರಿಂದ ಆ ಹೆಸರು. ಈಗ ದೊಡ್ಡನೆಕ್ಕುಂದಿಯಲ್ಲಿ ಬಾಯ್ಲರ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ನಾನು ಹಲಸೂರು, ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದುವವನು.

ತಿಂಗಳಿಗೊಂದು ಭಾನುವಾರ ನನ್ನ ಮನೆಯಲ್ಲಿ ಸೇರುವುದು ಬಹಳ ವರ್ಷಗಳಿಂದ ನಡೆದುಬಂದಿತ್ತು. ಮೊದಲು ಊಟ, ಆಮೇಲೆ ತೊಂಬತ್ತರ ದಶಕದ ಆಲ್ಬಮ್‌ಗಳು. ಹಾಡುವವರಿಲ್ಲ, ಸಾಹಿತ್ಯವಿಲ್ಲ, ಒಂದೇ ತಾಳ ಒಂದು ಗಂಟೆ. ಪಕ್ಕದ ಮನೆಯವರು ನಮ್ಮಲ್ಲಿ ಮೋಟರ್ ಕೆಟ್ಟಿದೆ ಎಂದು ಒಮ್ಮೆ ಹೇಳಲು ಬಂದಿದ್ದರು. ಹೊಸದನ್ನು ಯಾರೂ ತರುತ್ತಿರಲಿಲ್ಲ. ಯಾವುದು ಶ್ರೇಷ್ಠ ಎಂಬ ಹಳೆಯ ಜಗಳವನ್ನೇ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಶಿವಾಜಿನಗರದವನ ಪ್ರಕಾರ ಹೊದಿಕೆಯ ಮೇಲೆ ನಾಯಿ ಇದ್ದ ಆಲ್ಬಮ್ಮೇ ಶ್ರೇಷ್ಠ. ಅಂಗಡಿಗೆ ಬಂದ ಆಟೋದವರಿಗೆ ಅದನ್ನು ಕೇಳಿಸಿಯೇ ಅವನು ಸ್ಪೀಕರ್ ಮಾರುತ್ತಿದ್ದ. ಸೀಟು ಅದುರಿದರೆ ವ್ಯಾಪಾರ ಆದಂತೆ. "ಬೇಸ್ ಇಲ್ದಿರೋ ಮ್ಯೂಸಿಕ್ಕು ಉಪ್ಪಿಲ್ದಿರೋ ಖುಷ್ಕಾ ಗುರು," ಎನ್ನುವುದು ಅವನ ವಿಮರ್ಶೆ, ಎಲ್ಲ ಆಲ್ಬಮ್‌ಗಳಿಗೂ ಅದೊಂದೇ. ನನ್ನ ಮೆಚ್ಚಿನದನ್ನು ನಾನು ಬಸ್ಸಿನಲ್ಲಿ ವಾಕ್‌ಮನ್‌ನಲ್ಲಿ ಕೇಳಿದವನು. ದಂಡು ನಿಲ್ದಾಣ ದಾಟುವಷ್ಟರಲ್ಲಿ ಬ್ಯಾಟರಿ ಸೋಲುತ್ತಿತ್ತು, ಕೊನೆಯ ಟ್ರ್ಯಾಕ್ ತೂಕಡಿಸುತ್ತಾ ಬರುತ್ತಿತ್ತು. ವರ್ಷಗಳ ಮೇಲೆ ಅದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಯಾರೋ ಅವಸರಪಟ್ಟು ಕೆಡಿಸಿದ್ದಾರೆ ಅನ್ನಿಸಿತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಆದರೆ ನೀಲಿ ಆಲ್ಬಮ್ಮಿನ ವಿಷಯದಲ್ಲಿ ನಾಲ್ವರಲ್ಲೂ ಜಗಳವಿರಲಿಲ್ಲ. ಅದು ಕ್ವಾರ್ಟರ್ಸ್‌ನ ಕ್ಷೇತ್ರ.

ನೀಲಿ ಹೊದಿಕೆಯ ಆ ಆಲ್ಬಮ್ ನಮಗೆ ಸಿಕ್ಕಿದ್ದು ಕಾಲೇಜಿನ ಎರಡನೇ ವರ್ಷದಲ್ಲಿ. ಹಿರಿಯ ವಿದ್ಯಾರ್ಥಿಯೊಬ್ಬನ ಅಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ರಜೆಗೆ ಬಂದಾಗ ಯುರೋಪಿನಿಂದ ಕ್ಯಾಸೆಟ್ ತಂದಿದ್ದ, ಮಾರನೇ ದಿನ ವಾಪಸು ಹೊರಡುವವನಿದ್ದ. ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟ. ಕಾಪಿ ಮಾಡಲು ನಮ್ಮಲ್ಲಿ ಎರಡು ಟೇಪ್ ರೆಕಾರ್ಡರ್ ಇದ್ದವು, ನಡುವೆ ಹಾಕುವ ವೈರ್ ಇರಲಿಲ್ಲ. ಒಂದು ವೈರನ್ನು ಕ್ವಾರ್ಟರ್ಸ್ ತಾನೇ ಬೆಸುಗೆ ಹಾಕಿ ಮಾಡಿದ್ದ. ಅದು ಶಿವಾಜಿನಗರದ ಅಂಗಡಿಯ ಒಂದು ಸ್ಪೀಕರನ್ನು ಸುಟ್ಟಿತ್ತು. ಹಾಗಾಗಿ ನಮ್ಮ ಪದ್ಧತಿಯೇ ಬೇರೆ. ಬೆನ್ಸನ್ ಟೌನ್‌ನ ಮನೆಯ ಒಳಕೋಣೆಯಲ್ಲಿ ಎರಡು ಯಂತ್ರಗಳನ್ನು ಎದುರುಬದುರು ಕೂರಿಸಿ, ಸುತ್ತ ದಿಂಬು ಇಟ್ಟು, ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್ ಒತ್ತುವುದು. ಆಮೇಲೆ ನಾಲ್ವರೂ ಮನೆಯಿಂದ ಹೊರಗೆ ಹೋಗುವುದು. ಒಳಗಿದ್ದರೆ ಯಾರಾದರೂ ಕೆಮ್ಮುತ್ತಿದ್ದರು, ಇಲ್ಲವೇ ಶಿವಾಜಿನಗರದವನು ಮಾತಾಡುತ್ತಿದ್ದ. ಬೆನ್ಸನ್ ಟೌನ್‌ನವನ ತಾಯಿಗೆ ಮಿಕ್ಸಿ ಹಾಕಬಾರದು, ಟಿವಿ ಹಾಕಬಾರದು, ಯಾರಾದರೂ ಬಾಗಿಲು ತಟ್ಟಿದರೆ ತೆಗೆಯಬಾರದು ಎಂದು ಹೇಳಿ ನಾವು ಕಾಂಪೌಂಡ್ ಕಟ್ಟೆಯ ಮೇಲೆ ಕೂತೆವು. ಅರ್ಧದಲ್ಲಿ ಒಬ್ಬ ಒಳಗೆ ಹೋಗಿ ಕ್ಯಾಸೆಟ್ ತಿರುಗಿಸಿ ಬಂದ. ಎರಡನೇ ಮುಖ ಮುಗಿದ ಮೇಲೆ ಒಳಗೆ ಹೋಗಿ ಅನ್ನ, ಬೇಳೆ ಸಾರು ಉಂಡೆವು. ಸಂಜೆ ಮೂಲ ಕ್ಯಾಸೆಟ್ ವಾಪಸು ಹೋಯಿತು.

ಮುಂದೆ ಶಿವಾಜಿನಗರದ ಅಂಗಡಿಗೆ ಎರಡು ಕ್ಯಾಸೆಟ್ಟಿನ ಡೆಕ್ ಬಂತು. ನಮ್ಮ ಪ್ರತಿಯಿಂದ ಪ್ರತಿ, ಆ ಪ್ರತಿಯಿಂದ ಪ್ರತಿ ಆಗಿ ನೀಲಿ ಆಲ್ಬಮ್ ಫ್ರೇಜರ್ ಟೌನ್, ಕಾಕ್ಸ್ ಟೌನ್ ದಾಟಿ ಕೆ.ಆರ್. ಪುರದವರೆಗೆ ಹೋಯಿತು.

ಅದರ ಮೂರನೇ ಟ್ರ್ಯಾಕಿನಲ್ಲಿ ಮೂರು ವಿಷಲ್ ಇದ್ದವು. ಮೊದಲನೆಯದು ಏನೂ ಸೂಚನೆ ಕೊಡದೆ ಬರುತ್ತಿತ್ತು. ಎರಡನೆಯದು ಡ್ರಮ್ ನಿಂತು ಎಲ್ಲ ಖಾಲಿಯಾದ ಜಾಗದಲ್ಲಿ, ಸ್ವಲ್ಪ ತಡವರಿಸಿ. ಮೂರನೆಯದು ಉದ್ದ, ಅದರ ಬಾಲದಲ್ಲಿ ಡ್ರಮ್ ಮರಳಿ ಬೀಳುತ್ತಿತ್ತು. ಇಷ್ಟು ಚೆನ್ನಾಗಿ ಕೂತ ವಿಷಲ್‌ಗಳನ್ನು ನಾನು ಇನ್ನಾವ ಆಲ್ಬಮ್ಮಿನಲ್ಲೂ ಕೇಳಿಲ್ಲ. ಟೆರೇಸಿನ ಮೇಲೆ ಕುಣಿಯುವಾಗ ಎರಡನೇ ವಿಷಲ್‌ಗೆ ಎಲ್ಲರೂ ಕೈ ಎತ್ತಬೇಕು ಎಂಬುದು ನಿಯಮವಾಯಿತು. ಅದು ಹಬೆಯ ಶಬ್ದ ಎಂದು ಮೊದಲು ಹೇಳಿದವನು ಕ್ವಾರ್ಟರ್ಸ್. ಕಾರ್ಖಾನೆ ಉಸಿರು ಬಿಡುವುದನ್ನು ಸಂಗೀತಗಾರರು ಹೀಗೆ ತೋರಿಸಿದ್ದಾರೆ, ಪಾಳಿ ಮುಗಿಯುವುದು, ಯಂತ್ರ ನಿಲ್ಲುವುದು, ಮತ್ತೆ ಹೊರಡುವುದು ಎಂದು ಅವನು ವಿವರಿಸುತ್ತಿದ್ದ. ಕಾರ್ಖಾನೆಯ ಸೈರನ್ ಕೇಳಿ ಬೆಳೆದವನು ಹೇಳುವಾಗ ನಾವು ಒಪ್ಪದೆ ಇರಲು ಕಾರಣವಿರಲಿಲ್ಲ.

ಫೋನಿನಲ್ಲಿ ಎಲ್ಲ ಸಂಗೀತ ಸಿಗತೊಡಗಿದ ಮೇಲೆ ನಾನು ನೀಲಿ ಆಲ್ಬಮ್ ಹುಡುಕಿ ಕೇಳಿದೆ. ವಿಷಲ್ ಇರಲಿಲ್ಲ. ಕ್ವಾರ್ಟರ್ಸ್‌ಗೆ ಹೇಳಿದೆ. ಮರುಮುದ್ರಣದಲ್ಲಿ ಕಂಪನಿಗಳು ಇಂಥದ್ದನ್ನೆಲ್ಲ ಒರೆಸಿಹಾಕುತ್ತವೆ, ಮೊದಲ ಮುದ್ರಣದ ರೆಕಾರ್ಡಿನಲ್ಲಿ ಇದ್ದೇ ಇರುತ್ತದೆ ಎಂದ. ಪತ್ರಿಕೆಯಲ್ಲಾಗಿದ್ದರೆ ಎರಡನೇ ಮೂಲದಿಂದ ಖಚಿತಪಡಿಸಿ ಎಂದು ಬರೆದು ವಾಪಸು ಕಳಿಸುತ್ತಿದ್ದೆ. ಇದು ಭಾನುವಾರದ ಮಾತು, ಬಿಟ್ಟೆ.

ಅವನು ಬಿಡಲಿಲ್ಲ. ಹೊರದೇಶದಲ್ಲಿ ಓದುವ ಅಕ್ಕನ ಮಗಳ ಕೈಲಿ ಮೊದಲ ಮುದ್ರಣದ ರೆಕಾರ್ಡ್ ತರಿಸಿದ. ಇಂದಿರಾನಗರದ ಆ ಕಾಫಿ ಅಂಗಡಿಯಲ್ಲಿ ಭಾನುವಾರಗಳಂದು ಒಂದು ಹಳೆಯ ಆಲ್ಬಮ್ ಹಾಕಿ, ಬಲ್ಲವರಿಂದ ನಾಲ್ಕು ಮಾತು ಆಡಿಸಿ, ಎಲ್ಲರೂ ಸುಮ್ಮನೆ ಕೂತು ಕೇಳುವ ಕ್ರಮವಿದೆ. ನಡೆಸುವ ಯುವತಿ ಅವನನ್ನು ಒಪ್ಪಿಕೊಂಡಳು. ನಮ್ಮ ಗುಂಪಿನ ಮಾತು ನಮ್ಮ ಗುಂಪಿನ ಹೊರಗೆ ಒಬ್ಬರಾದರೂ ಕೇಳಲಿ ಎಂಬುದು ಅವನಿಗೆ ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಬಂದವರಲ್ಲಿ ಹೆಚ್ಚಿನವರು ನಮ್ಮ ಮಕ್ಕಳ ವಯಸ್ಸಿನವರು.

ಅವನು ಚೆನ್ನಾಗಿಯೇ ಮಾತಾಡಿದ. ಕಾರ್ಖಾನೆ, ಪಾಳಿ, ಹಬೆ ಎಲ್ಲವೂ ಬಂದವು. ಮೂರನೇ ಟ್ರ್ಯಾಕಿನ ಮೂರು ವಿಷಲ್‌ಗಳಿಗೆ ಕಿವಿಗೊಡಿ ಎಂದು ಹೇಳಿ ಕೂತ. ಸೂಜಿ ಇಳಿಯಿತು. ಮೂರನೇ ಟ್ರ್ಯಾಕ್ ಬಂತು. ಮೊದಲ ವಿಷಲ್‌ನ ಜಾಗ ಹಾಗೆಯೇ ದಾಟಿತು. ಡ್ರಮ್ ನಿಂತಿತು, ನಾವು ನಾಲ್ವರೂ ಅಭ್ಯಾಸಬಲದಿಂದ ಕೈ ಎತ್ತಿದೆವು. ಹಿಂದಿನ ಸಾಲಿನಲ್ಲಿ, ನಮಗೆ ಪರಿಚಯವಿಲ್ಲದ, ನಮ್ಮದೇ ವಯಸ್ಸಿನ ಒಬ್ಬರು ಕೂಡ ಕೈ ಎತ್ತಿದ್ದರು. ವಿಷಲ್ ಬರಲಿಲ್ಲ. ಐದು ಕೈಗಳು ಒಂದೊಂದಾಗಿ ಇಳಿದವು.

ರೆಕಾರ್ಡ್ ಮುಗಿದ ಮೇಲೆ ಮುಂದೆ ಕೂತ ಒಬ್ಬ ಹುಡುಗಿ ಮರ್ಯಾದೆಯಿಂದಲೇ, ವಿಷಲ್ ಯಾವುದು ಎಂದು ಕೇಳಿದಳು. ಇದು ಮೊದಲ ಮುದ್ರಣ ಇರಲಿಕ್ಕಿಲ್ಲ ಎಂದು ಕ್ವಾರ್ಟರ್ಸ್ ಹೇಳಿದ. ಪುರಾವೆಗೆಂದು, ಬೆನ್ಸನ್ ಟೌನ್‌ನವನು ನೆನಪಿಗಾಗಿ ಜೊತೆಗೆ ತಂದಿದ್ದ ನಮ್ಮ ಹಳೆಯ ಕ್ಯಾಸೆಟ್ಟನ್ನು ಇಸಿದುಕೊಂಡು, ಅಲ್ಲಿ ಅಲಂಕಾರಕ್ಕಿಟ್ಟಿದ್ದ ಡೆಕ್‌ಗೆ ಹಾಕಿದ. ಡೆಕ್ ಕೆಲಸ ಮಾಡಿತು. ದೊಡ್ಡ ಸ್ಪೀಕರ್‌ಗಳಲ್ಲಿ ಮೊದಲನೇ ವಿಷಲ್ ಬಂತು.

"ಅಂಕಲ್," ಎಂದಳು ಆ ಹುಡುಗಿ, "ಅದು ಕುಕ್ಕರ್ ಅಲ್ವಾ?"

ಎರಡನೆಯದು ಬರುವಷ್ಟರಲ್ಲಿ ಇಡೀ ಮಹಡಿಗೆ ಗೊತ್ತಾಗಿತ್ತು. ನಮಗೂ ಗೊತ್ತಾಯಿತು. ಮನೆಯಲ್ಲಿ ದಿನವೂ ಕೇಳುವ ಶಬ್ದವೇ; ಯುರೋಪಿನಿಂದ ಬಂದದ್ದರಲ್ಲಿ ಕುಕ್ಕರ್ ಇರಬಹುದೆಂದು ನಾವು ಎಣಿಸಿರಲಿಲ್ಲ, ಅಷ್ಟೇ. ಮೂರನೆಯದರ ನಂತರ, ಹಿಂದೆಂದೂ ಗಮನಿಸದ ಒಂದು ಸಣ್ಣ ಸದ್ದು ಕೇಳಿಸಿತು. ಯಾರೋ ಪಾತ್ರೆ ಸರಿಸಿದ್ದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಹಾಕಿ ಎಂದು ಕೆಲವರು ಕೇಳಿದರು. ಕ್ವಾರ್ಟರ್ಸ್ ಅಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದವರು ನನ್ನ ಬಳಿ ಬಂದು, ತಾನು ಕಾಕ್ಸ್ ಟೌನ್, ತನ್ನ ಕ್ಯಾಸೆಟ್ಟಿನಲ್ಲೂ ಅದು ಇದೆ ಎಂದು ಸ್ವಲ್ಪ ದುಃಖದಿಂದ ಹೇಳಿ ಹೋದರು.

ಡಿಸೆಂಬರಿನ ಭಾನುವಾರಕ್ಕೆ ಕ್ವಾರ್ಟರ್ಸ್ ಬರಲಿಲ್ಲ. ಜನವರಿಗೂ ಇಲ್ಲ. ಫೋನ್ ಮಾಡಿದರೆ, "ನನ್ನ ಕರೀಬೇಡಿ ಮಗಾ, ನೀವು ಕೇಳ್ಕೊಳ್ಳಿ," ಎಂದಷ್ಟೇ ಹೇಳಿದ. ಆಮೇಲೆ ಶಿವಾಜಿನಗರದವನು ಒಂದು ಸುದ್ದಿ ತಂದ. ಕ್ವಾರ್ಟರ್ಸ್ ಅಂಗಡಿಗೆ ಬಂದು, ತನ್ನ ಎಲ್ಲ ಕ್ಯಾಸೆಟ್ ತುಂಬಿದ ರಟ್ಟಿನ ಡಬ್ಬ ಇಟ್ಟು, ಯಾರಾದರೂ ಕೊಂಡರೆ ಕೊಡು, ಇಲ್ಲವಾದರೆ ಗುಜರಿಗೆ ಹಾಕು ಎಂದು ಹೋಗಿದ್ದ. ಇವನು ಡಬ್ಬವನ್ನು ಗಲ್ಲಾದ ಕೆಳಗೆ ತಳ್ಳಿದ್ದ. "ಅವ್ನು ಹಿಂಗೇ ಬಿಟ್ರೆ ನೀಲಿ ಮಾತ್ರ ಅಲ್ಲ ಗುರು, ನಮ್ನೂ ಬಿಟ್ಬಿಡ್ತಾನೆ," ಎಂದ. ಅವನು ಬೇಸ್ ಬಿಟ್ಟು ಬೇರೆ ವಿಷಯ ಮಾತಾಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಅಷ್ಟರಲ್ಲಿ ಬೆನ್ಸನ್ ಟೌನ್‌ನವನು ತಾಯಿಗೆ ಕ್ಯಾಸೆಟ್ ಕೇಳಿಸಿದ್ದ. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ನಾನೂ ಅಲ್ಲಿದ್ದೆ. ಮೂರು ವಿಷಲ್ ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದರು.

"ಹೌದಪಾ, ನನ್ನ ಕುಕ್ಕರೇ ಅದು. ಎರಡನೇ ಸೀಟಿ ಯಾವಾಗಲೂ ಹಂಗ ತಡವರಿಸತೈತಿ," ಎಂದರು.

ಮಗ, ಅಂದು ಶಬ್ದ ಮಾಡಬಾರದೆಂದು ಹೇಳಿದ್ದೆವಲ್ಲ ಎಂದ.

"ಮಿಕ್ಸಿ ಹಚ್ಚಬ್ಯಾಡ, ಟಿವಿ ಹಚ್ಚಬ್ಯಾಡ, ಬಾಗಲಾ ತಗೀಬ್ಯಾಡ ಅಂದ್ರಿ. ಎಲ್ಲಾ ಕೇಳಿದೆ. ಕುಕ್ಕರ್ ಇಡಬ್ಯಾಡ ಅಂತ ಯಾರರ ಅಂದ್ರೇನು? ಕಟ್ಟಿ ಮ್ಯಾಲ ಕುಂತ ನಾಕ ಹುಡುಗೂರು ಒಳಗ ಬಂದು ಏನ ಉಣ್ಣೋರು ಮತ್ತ?"

ಮೂಲ ಖಚಿತವಾಯಿತು. ನಂತರ ಅವರು ಕ್ವಾರ್ಟರ್ಸ್‌ಗೆ ಫೋನ್ ಹಚ್ಚಲು ಹೇಳಿದರು. ಸಮಾಧಾನದ ಮಾತು ಹೇಳುತ್ತಾರೆಂದು ನಾವು ತಿಳಿದಿದ್ದೆವು.

"ಏನೋ ತಮ್ಮಾ," ಎಂದರು ಫೋನಿಗೆ, "ನನ್ನ ಕುಕ್ಕರ್ ಕೇಳಾಕ ಇಂದಿರಾನಗರದಾಗ ಮಂದಿ ಕೂಡಿಸಿದ್ಯಂತ. ನನಗೊಂದು ಮಾತು ಹೇಳಲಿಲ್ಲಲ್ಲೋ."

ಅವನು ಏನು ಉತ್ತರ ಕೊಟ್ಟನೋ ನಮಗೆ ಕೇಳಿಸಲಿಲ್ಲ. ಬಹಳ ಹೊತ್ತು ಕ್ಷಮೆ ಕೇಳಿದಂತಿತ್ತು. ಫೆಬ್ರವರಿಯ ಭಾನುವಾರ ಅವರ ಕರೆಯ ಮೇಲೆ ಬೆನ್ಸನ್ ಟೌನ್‌ಗೆ ಊಟಕ್ಕೆ ಬಂದ. ರೆಕಾರ್ಡ್ ತಂದಿರಲಿಲ್ಲ, ಬಾಳೆಹಣ್ಣು ತಂದಿದ್ದ. ನಮ್ಮ ಜತೆ ಹೆಚ್ಚು ಮಾತಾಡದೆ ಅಡುಗೆಮನೆಗೆ ಹೋದ. ಕುಕ್ಕರ್ ಇನ್ನೂ ಅದೇ. ರಬ್ಬರು ಎಷ್ಟೋ ಸಲ ಬದಲಾಗಿದೆ, ಹಿಡಿ ಹೊಸದು, ಮುಚ್ಚಳದ ಮೇಲೆ ಕೂರುವ ಗುಂಡು ಮಾತ್ರ ಹಳೆಯದು. ಅದನ್ನು ತೆಗೆದು ಅಂಗೈಯಲ್ಲಿ ತೂಗಿ ನೋಡಿದ, ಬೆಳಕಿಗೆ ಹಿಡಿದ, ತೂತಿಗೆ ಊದಿದ. ಎರಡನೆಯದು ಯಾಕೆ ತಡವರಿಸುತ್ತದೆ ಎಂದು ಅವನು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಅಮ್ಮ ಹೌದು ಹೌದು ಎಂದು ತಲೆಯಾಡಿಸಿದರು. ಕೊನೆಗೆ ನಮ್ಮ ಕಡೆ ತಿರುಗಿದ.

"ನಾನು ಹಬೆ ಅಂದಿದ್ದೆ," ಎಂದ. "ಹಬೆನೇ."

ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಶಿವಾಜಿನಗರದವನು ಮುಂದಿನ ವಾರ ರಟ್ಟಿನ ಡಬ್ಬವನ್ನು ದೊಡ್ಡನೆಕ್ಕುಂದಿಗೆ ತಲುಪಿಸಿ ಬಂದ. ಮಾರಾಟಕ್ಕೆ ಕೊಟ್ಟ ಸರಕನ್ನು ನಾಯಿ ಆಲ್ಬಮ್ ಒಂದನ್ನು ಬಿಟ್ಟು ವಾಪಸು ಮಾಡಿದ್ದಾನೆ.

ಮಾರ್ಚಿನಿಂದ ನಮ್ಮ ಭಾನುವಾರ ಬೆನ್ಸನ್ ಟೌನ್‌ನಲ್ಲಿ. ರೆಕಾರ್ಡ್ ಮತ್ತು ಅದನ್ನು ಹಾಕುವ ಯಂತ್ರ ಎರಡನ್ನೂ ಕ್ವಾರ್ಟರ್ಸ್ ತರುತ್ತಾನೆ. ಅವನ ಯೋಜನೆ ಸರಳ: ಮೊದಲ ಮುದ್ರಣದ ರೆಕಾರ್ಡ್ ಒಳಕೋಣೆಯಲ್ಲಿ, ಕುಕ್ಕರ್ ಒಲೆಯ ಮೇಲೆ, ಮೂರು ವಿಷಲ್ ಮೂರನೇ ಟ್ರ್ಯಾಕಿನಲ್ಲಿ ಅವುಗಳ ಹಳೆಯ ಜಾಗಕ್ಕೆ ಬೀಳಬೇಕು. ಮೊದಲ ಪ್ರಯತ್ನದಲ್ಲಿ ವಿಷಲ್ ಬಂದಾಗ ಆ ಮುಖವೇ ಮುಗಿದು ಸೂಜಿ ಸುಮ್ಮನೆ ಕೆರೆಯುತ್ತಿತ್ತು. ಮುಂದಿನ ತಿಂಗಳು ನೀರು ಕಡಿಮೆ ಹಾಕಿದ. ಎರಡನೇ ಟ್ರ್ಯಾಕಿನಲ್ಲೇ ಮೂರೂ ಬಂದವು, ಬೇಳೆ ತಳ ಹಿಡಿಯಿತು. ಎಷ್ಟೋ ಕಂಪನಿಗಳ ಬಾಯ್ಲರ್ ಇವನ ಕೈಯಲ್ಲಿವೆಯಲ್ಲ ಎಂದು ಅಮ್ಮ ಕೇಳಿದರು. ಬಾಯ್ಲರ್‌ಗೆ ಮೀಟರ್ ಇರುತ್ತದೆ ಎಂದು ಅವನು ವಿವರಿಸಿದ. ಅಂದು ಹೋಟೆಲಿನಿಂದ ಸಾರು ತರಿಸಿದೆವು. ಕಾಕ್ಸ್ ಟೌನ್‌ನವರೂ ಈಗ ಬರುತ್ತಾರೆ, ಬರುವಾಗ ಮೊಸರು ತರುತ್ತಾರೆ.

ಕಳೆದ ಭಾನುವಾರ ಮೊದಲನೇ ವಿಷಲ್ ಸರಿಯಾದ ಜಾಗದಲ್ಲಿ ಬಂತು. ಡ್ರಮ್ ನಿಂತಿತು. ಒಳಕೋಣೆಯಲ್ಲಿ ಐದು ಕೈಗಳು ಮೇಲೆದ್ದವು. ಎರಡನೆಯದು ಬರುವ ಮೊದಲೇ ಅಮ್ಮ ಒಲೆ ಆರಿಸಿದರು. ಬೇಳೆಯನ್ನು ಬೆಳಗ್ಗೆಯೇ ನೆನೆಹಾಕಿದ್ದರಿಂದ ಒಂದೇ ಸೀಟಿಗೆ ಬೆಂದಿತ್ತು. ಮುಂದಿನ ತಿಂಗಳು ನೆನೆಹಾಕಬಾರದೆಂದು ಕ್ವಾರ್ಟರ್ಸ್ ಅವರನ್ನು ಕೇಳಿಕೊಂಡಿದ್ದಾನೆ. ಅವರು ಇನ್ನೂ ಒಪ್ಪಿಲ್ಲ.