ಎಂ.ಎಲ್.ಎ. ಸಾಹೇಬರು ರಸ್ತೆ ದಾಟದ ದಿನ

ನಮ್ಮ ಹೈದರಾಬಾದಿನಲ್ಲಿ ರಸ್ತೆ ದಾಟುವವರನ್ನು ನೀವು ನೋಡಬೇಕು. ಬಲಗೈ ಎತ್ತಿ, ಅಂಗೈ ತೋರಿಸಿ, ಮುಖ ಗಂಟು ಹಾಕಿಕೊಂಡು ನುಗ್ಗುವುದೇ. ನಮ್ಮ ದೇವರುಗಳೂ ಹೀಗೇ ಕೈ ಎತ್ತಿ ನಿಂತಿರುತ್ತಾರೆ, ಅದಕ್ಕೆ ಅಭಯಹಸ್ತ ಅನ್ನುತ್ತಾರೆ. ದೇವರು ಭಕ್ತನಿಗೆ ಹೆದರಬೇಡ ಅಂದರೆ, ನಾವು ಬಸ್ಸಿಗೆ ಹೊಡೀಬೇಡಪ್ಪಾ ಅನ್ನುತ್ತೇವೆ, ಅಷ್ಟೇ ಫರಕು. ಶಿಲ್ಪಶಾಸ್ತ್ರ ಬರೆದವರು ಒಮ್ಮೆ ನಮ್ಮ ಬಡಾವಣೆ ಕುಷಾಯಿಗೂಡಕ್ಕೆ ಬಂದು ಹೋಗಿದ್ದರೆ ಈ ಮುದ್ರೆಗೆ ಇನ್ನೊಂದು ಹೆಸರು ಇಡುತ್ತಿದ್ದರು.

ಇಲ್ಲಿನ ಸರಕಾರಿ ಕಾರ್ಖಾನೆಯ ನೌಕರಿಗೆಂದು ನಾನು ಧಾರವಾಡದಿಂದ ಬಂದಾಗ ನಮ್ಮ ಕಾಲೋನಿಯ ಮುಂದಿನ ರಸ್ತೆ ಸೈಕಲ್ಲಿನವರದ್ದಾಗಿತ್ತು. ಪಾಳಿ ಬಿಟ್ಟರೆ ಸಾಕು, ರಸ್ತೆ ತುಂಬ ಬೆಲ್ಲಿನ ಸದ್ದು. ನಾನು ರಿಟೈರ್ ಆಗುವ ಹೊತ್ತಿಗೆ ಸೈಕಲ್ಲೂ ಹೋದವು, ಫುಟ್‌ಪಾತೂ ಹೋಯಿತು. ಹೋದದ್ದರ ಬಗ್ಗೆ ನಾನು ಪಾರ್ಕಿನ ಕಟ್ಟೆಯ ಮೇಲೆ ಕೂತು ಭಾಷಣ ಮಾಡುತ್ತಿದ್ದೆ. ಕೆಲಸ ಮಾಡಿದವಳು ನನ್ನ ಹೆಂಡತಿ ಶಕುಂತಲಾ.

ಅವಳ ಅಕ್ಕ ಸುಮಿತ್ರಕ್ಕ ಇರುವುದು ರಸ್ತೆಯ ಆಚೆ ಬದಿಗೆ. ಅವರ ಮಾಳಿಗೆ ನಮ್ಮ ಮಾಳಿಗೆಯಿಂದ ಕಾಣುತ್ತದೆ. ಹೋದ ವರ್ಷ ಶಕುಂತಲಾ ಅಕ್ಕನಿಗೆ ಹೋಳಿಗೆ ಒಯ್ಯುವಾಗ ಬೈಕೊಂದು ಬಡಿದು ಕಾಲು ಮುರಿಯಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಸುಮಿತ್ರಕ್ಕನದು ಮೊದಲೇ ಮೊಣಕಾಲು ನೋವು. ಅಂದಿನಿಂದ ಅಕ್ಕ ತಂಗಿ ತಂತಮ್ಮ ಮಾಳಿಗೆಯ ಮೇಲೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಫೋನಿನಲ್ಲಿ ಮಾತಾಡುವುದು ಶುರುವಾಯಿತು. ಆಟೋ ಇಲ್ಲವೇ ಅನ್ನಬೇಡಿ. ಯೂ-ಟರ್ನ್ ಇರುವುದು ಎಲ್ಲೋ ದೂರದಲ್ಲಿ. ಎದುರುಮನೆಗೆ ಊರೆಲ್ಲ ಸುತ್ತಿ ಹೋಗಬೇಕು. ಆಟೋದವರೇ ನಕ್ಕು ಮುಂದೆ ಹೋಗುತ್ತಾರೆ.

“ಅಕ್ಕನ ಕೈ ಹಿಡದು ಕೂತು ಮಾತಾಡಬೇಕ್ರಿ, ಈ ಫೋನ್ ಹಿಡದು ಹಿಡದು ಸಾಕಾಗೇತಿ” ಎಂದು ಒಂದು ಸಂಜೆ ಅವಳು ಅತ್ತಳು. ಮರುದಿನವೇ ಕಾಲೋನಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ನಮ್ಮ ಎಂ.ಎಲ್.ಎ. ಸಾಹೇಬರ ಮನೆಗೆ ಹೊರಟಳು. ಹಿಂದಿನಿಂದ ನಾನು, ಅವರಿಗೆ ಹೊದಿಸುವ ಶಾಲು ಹಿಡಿದುಕೊಂಡು. ಫುಟ್‌ಪಾತ್ ಬೇಕು, ಸೈಕಲ್ಲಿಗೆ ಬೇರೆ ದಾರಿ ಬೇಕು, ಗುಂಡಿ ಒತ್ತಿದರೆ ಗಾಡಿಗಳು ನಿಲ್ಲುವ ಸಿಗ್ನಲ್ ಬೇಕು ಎಂದು ಅವಳು ತೆಲುಗಿನಲ್ಲಿ ಹೇಳಿದ ರೀತಿಗೆ ನಾನು ಶಾಲು ಕೊಡುವುದನ್ನೇ ಮರೆತು ನಿಂತೆ. ಸಂತೆಯಲ್ಲೂ ಚೌಕಾಶಿ ಮಾಡಲು ನಾಚುತ್ತಿದ್ದವಳು ಇವಳೇ ಏನು! ಸಾಹೇಬರು “ಚೂಸ್ತಾನಮ್ಮಾ” ಅಂದರು, ನೋಡ್ತೀನಮ್ಮಾ ಎಂದು. ಮತ್ತೆ ಹೋದಾಗಲೂ ನೋಡ್ತೀನಮ್ಮಾ. ಮಗುದೊಮ್ಮೆ ಹೋದಾಗಲೂ ಅದೇ.

ಆಗ ನಮ್ಮ ಕಾಲೋನಿಯ ಕಾರ್ಯದರ್ಶಿ, ಯಾದಗಿರಿ ಎಂಬವನು, ಈ ಊರಿನ ರಿವಾಜು ನೆನಪಿಸಿದ. ಇಲ್ಲಿ ಕೆಲಸ ಆಗುವ ಮೊದಲೇ ಧನ್ಯವಾದದ ಫ್ಲೆಕ್ಸ್ ಕಟ್ಟಿಬಿಡುತ್ತಾರೆ. ಊರೆದುರು ಥ್ಯಾಂಕ್ಸ್ ಹೇಳಿಸಿಕೊಂಡ ಮೇಲೆ ಕೆಲಸ ಮಾಡದೇ ಇರಲು ಯಾರಿಗಾದರೂ ಮುಜುಗರವೇ. ಒಕ್ಕಣೆ ನನ್ನದು: ‘ಪಾದಚಾರಿಗಳ ಬಂಧುವಿಗೆ ವಂದನೆಗಳು’. ಯಾದಗಿರಿ ಅದನ್ನು ತೆಲುಗಿಗೆ ತಿರುಗಿಸಿದ. ಸಾಹೇಬರ ಮುಖ ಕೈಗಾಡಿಯಷ್ಟು ದೊಡ್ಡದಾಗಿ ಬಂದಿತ್ತು. ಕಟ್ಟಿದ್ದೆಲ್ಲಿ ಅಂತೀರಿ? ನಮ್ಮ ಬದಿಗೆ ಉಳಿದಿದ್ದ ಒಂದೇ ಒಂದು ತುಂಡು ಫುಟ್‌ಪಾತಿನ ಮೇಲೆ, ಅಡ್ಡಡ್ಡ! ನಡೆಯುವವರೆಲ್ಲ ಪಾದಚಾರಿಗಳ ಬಂಧುವನ್ನು ಸುತ್ತುಹಾಕಿ ರಸ್ತೆಗಿಳಿಯಬೇಕು.

“ಬುದ್ಧಿ ಫ್ಯಾಕ್ಟರಿಯೊಳಗ ಬಿಟ್ಟು ಬಂದೀರೇನು?” ಎಂದಳು ಶಕುಂತಲಾ. ಬಿಚ್ಚೋಣವೆಂದರೆ, ಯಾದಗಿರಿ ಆಗಲೇ ಸಾಹೇಬರನ್ನು ಫೋಟೋಕ್ಕೆ ಕರೆದಾಗಿತ್ತು.

ಸಾಹೇಬರು ಬಂದರು. ಆದರೆ ಅವರ ಕಾರು ಬಂದದ್ದು ಸುಮಿತ್ರಕ್ಕನ ಬದಿಗೆ. ಈ ಕಡೆ ಅವರ ಫ್ಲೆಕ್ಸ್, ಫೋಟೋದವನು, ಹಾರ ಹಿಡಿದ ನಾವು. ಆ ಕಡೆ ಅವರು. ಎಷ್ಟು ದೂರ, ನಾಲ್ಕು ಹೆಜ್ಜೆ ಎಂದುಕೊಂಡರೋ ಏನೋ, ಕೈ ಎತ್ತಿ ರಸ್ತೆಗಿಳಿದರು. ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯಿತು, ಹಿಂದೆ ಸರಿದರು. ಮತ್ತೆ ಇಳಿದರು, ಬಸ್ಸು ಬಂತು. ಗನ್‌ಮ್ಯಾನ್ ಕೈ ಬೀಸಿದರೂ ಯಾವ ಗಾಡಿಯೂ ಕ್ಯಾರೇ ಅನ್ನಲಿಲ್ಲ. ಅಷ್ಟರಲ್ಲಿ ಸುಮಿತ್ರಕ್ಕ ಕೋಲೂರಿಕೊಂಡು ಕೆಳಗಿಳಿದು ಬಂದು ಅವರ ಮಗ್ಗುಲಿಗೆ ನಿಂತಳು. ಅಲ್ಲಿ ಆದ ಮಾತನ್ನು ಆಮೇಲೆ ಫೋನಿನಲ್ಲಿ ಅವಳೇ ಹೇಳಿದಳು. “ಆಚೆ ಹಸಿರು ಸೀರೆ ಉಟ್ಟು ನಿಂತವಳು ನನ್ನ ತಂಗಿ, ಒಂದು ವರ್ಷದಿಂದ ನಾನು ಅವಳನ್ನು ಮುಟ್ಟಿಲ್ಲ” ಎಂದು ಸಾಹೇಬರಿಗೆ ಅಂದಳಂತೆ. ಸಾಹೇಬರು ಒಮ್ಮೆ ಈ ಕಡೆ ನೋಡಿದರು, ಒಮ್ಮೆ ಅವಳನ್ನು. ನೋಡ್ತೀನಮ್ಮಾ ಅನ್ನಲಿಲ್ಲ. ಕಾರು ಹತ್ತಿ ಹೋದರು. ನಮ್ಮ ಹಾರವೆಲ್ಲ ಹಾಗೇ ಬಾಡಿತು.

ಸೈಕಲ್ಲಿನ ದಾರಿ ಇನ್ನೂ ಬಂದಿಲ್ಲ. ಫುಟ್‌ಪಾತು ಅರ್ಧಕ್ಕೆ ನಿಂತಿದೆ, ಅದಕ್ಕಾಗಿ ಶಕುಂತಲಾ ಈಗಲೂ ಹೋಗಿ ಕೂರುತ್ತಾಳೆ. ಆದರೆ ಸಿಗ್ನಲ್ ಬಂತು. ಮೊದಲ ಬೆಳಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿ ಒತ್ತಿದಳು. ಯಪ್ಪಾ! ನಿಂತವು ನೋಡ್ರಿ. ಬಸ್ಸು ನಿಂತಿತು, ಲಾರಿ ನಿಂತಿತು, ಕರಿಗಾಜಿನ ಕಾರುಗಳು ನಿಂತವು. ಒಬ್ಬ ಹೆಂಗಸು ತನ್ನ ಅಕ್ಕನ ಮನೆಗೆ ಹೋಗಬೇಕು ಎಂದದ್ದಕ್ಕೆ ಇಷ್ಟು ದೊಡ್ಡ ಶಹರವೇ ಕಾಯುತ್ತ ನಿಂತಿತು. ನನಗೆ ಮೈ ಝುಮ್ಮೆಂದಿತು, ಕಣ್ಣು ತುಂಬಿದವು. ಅವಳು ಅವಸರ ಮಾಡಲಿಲ್ಲ. ನೆಟ್ಟಗೆ, ನಿಧಾನವಾಗಿ ನಡೆದಳು. ಆಚೆ ಸುಮಿತ್ರಕ್ಕ ಕೋಲು ಬಿಟ್ಟು ಎರಡೂ ಕೈ ಚಾಚಿದಳು.

ನಾನು ಬೆರಗಾಗಿ ಈ ಬದಿಗೇ ನಿಂತುಬಿಟ್ಟಿದ್ದೆ. ಗಾಡಿಗಳು ಮತ್ತೆ ಹೊರಟಿದ್ದವು. ಕಿಸೆಯಲ್ಲಿ ಫೋನು ರಿಂಗಾಯಿತು.

“ಯಾಕ್ರೀ, ಅಲ್ಲೇ ನಿಂತ್ರಿ? ಗುಂಡಿ ಒತ್ತರಿ. ನಿಮಗೂ ನಿಂದರತಾವು.”