ಕಾಕು ಮಾಡಿದ ಕಳ್ಳ ಕುಬಸ

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಅರಿಶಿನ ಹಿಡಿದು ಹಳದಿಯಾಗಿ, ತುದಿಯಲ್ಲಿ ಸ್ವಲ್ಪ ಸೀಳಿತ್ತು. ಆ ಹೆಬ್ಬೆರಳನ್ನು ನನ್ನ ಗದ್ದಕ್ಕೆ ಊರಿ ಮುಖ ಎತ್ತಿ ನೋಡುವುದು ಅವರು ಪ್ರೀತಿ ತೋರಿಸುವ ರೀತಿ. ನೋಡಿದವರಿಗೆ ಅದು ಪ್ರೀತಿ. ನನಗೆ ಮಾತ್ರ ಗೊತ್ತಿತ್ತು, ಆ ಬೆರಳು ನನ್ನ ಗದ್ದದ ಕೆಳಗೆ ಕೂದಲು ಹುಡುಕುತ್ತಿದೆ ಎಂದು. ಎಷ್ಟು ಕಿತ್ತರೂ ಮುಳ್ಳಾಗಿ ಮತ್ತೆ ಬರುವ ಕೂದಲು. "ಏನವಾ ಇದು, ಗಂಡಸರ ಗದ್ದ ಆದಂಗ ಆಗೇದಲ್ಲ?" ಎಂದು ನಾಲ್ಕು ಜನರ ಎದುರಿಗೆ ಕೇಳಿ, ನಾನು ಉತ್ತರ ಕೊಡುವ ಮೊದಲೇ "ತಗೋ, ಚಹಾ ಕುಡಿ" ಎನ್ನುತ್ತಿದ್ದರು.

ಕೆನಡಾದ ಮಿಸಿಸಾಗದಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲಿನ ಮನೆ ಅವರದು. ಹುಬ್ಬಳ್ಳಿಯವರು. ನನ್ನ ಗಂಡನ ಊರೂ ಅದೇ ಆದ್ದರಿಂದ ಮನೆ ನೋಡಲು ಹೋದ ದಿನವೇ ಆ ಹೆಂಗಸು ನಮಗೆ 'ಕಾಕು' ಆಗಿಬಿಟ್ಟರು. ಆ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ನಾನು ಉಡುಪಿಯವಳು, ನನಗೆ ಅವರು ಯಾವ ಚಿಕ್ಕಮ್ಮನೂ ಅಲ್ಲ. ಇಲ್ಲಿ ಅವರಿಗೆ ಬಹುವಚನ ಕೊಡುತ್ತಿರುವುದು ಅಭ್ಯಾಸದಿಂದ, ಗೌರವದಿಂದಲ್ಲ.

೨೦೧೯ರಲ್ಲಿ ಅವರು ತೀರಿಕೊಂಡಾಗ ಫೋನಿನ ಕನ್ನಡ ಗುಂಪಿನಲ್ಲಿ ಬಂದ ಸಂದೇಶಗಳಿಗೆ ಕೊನೆಯಿರಲಿಲ್ಲ. ಒಬ್ಬರಿಗೆ ಅನ್ನಪೂರ್ಣೆ, ಇನ್ನೊಬ್ಬರಿಗೆ ಪರದೇಶದಲ್ಲಿ ಸಿಕ್ಕ ತಾಯಿ. ಎರಡೂ ಪೂರ್ತಿ ಸುಳ್ಳಲ್ಲ. ನಾನು ಏರ್‌ಪೋರ್ಟಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯ ಆಫೀಸಿನಲ್ಲಿದ್ದೆ, ಗಂಡ ಬೋಲ್ಟನ್ನಿನ ವೇರ್‌ಹೌಸಿನಲ್ಲಿ. ಸಂಜೆ ಸ್ಕೂಲ್ ಬಸ್ಸಿನಿಂದ ನಮ್ಮ ಮಗಳನ್ನು ಇಳಿಸಿಕೊಳ್ಳುತ್ತಿದ್ದವರು ಕಾಕು. ಮೈನಸ್ ಇಪ್ಪತ್ತಿರಲಿ, ಹಿಮ ಸುರಿಯುತ್ತಿರಲಿ, ಗಂಡನ ಹಳೆಯ ಜಾಕೆಟ್ಟು ತೊಟ್ಟು, ಸೀರೆಯನ್ನು ಬೂಟಿನೊಳಗೆ ತುರುಕಿಕೊಂಡು ರಸ್ತೆಯ ತುದಿಯಲ್ಲಿ ನಿಂತಿರುತ್ತಿದ್ದರು. ಬಿಸಿ ರೊಟ್ಟಿ ತಿನ್ನಿಸುತ್ತಿದ್ದರು. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದೆ. ಉಪಕಾರ ಮಾಡುವವರ ಕೈಗೆ ಸಿಕ್ಕಿಬಿದ್ದವರಿಗೆ ಗೊತ್ತು, ಅವರನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ ಎಂದು.

ನನಗೆ ಇನ್ನೊಂದು ಮಗು ಬೇಕಿತ್ತು. ಮೊದಲನೆಯವಳು ಹೇಗೋ ತಾನಾಗಿ ಬಂದಳು. ಅವಳ ನಂತರ ನನ್ನ ಮೈ ಮುಷ್ಕರ ಹೂಡಿತು. ಡಾಕ್ಟರು ಸ್ಕ್ಯಾನ್ ಮಾಡಿಸಿ ಪಿಸಿಓಎಸ್ ಎಂದರು. ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ, ಮೊಟ್ಟೆ ಬಲಿತು ಹೊರಗೆ ಬರುವುದಿಲ್ಲ, ಮುಟ್ಟು ತಿಂಗಳುಗಟ್ಟಲೆ ಆಗುವುದಿಲ್ಲ. ಬೇಡದ ಕಡೆ ಕೂದಲು, ಉಪವಾಸ ಕೂತರೂ ಇಳಿಯದ ತೂಕ. ಕೊಟ್ಟ ಮಾತ್ರೆ ನುಂಗಿದರೆ ಹೊಟ್ಟೆ ತೊಳಸಿ ವಾಂತಿ. ಬೆಳಕು ಹರಿಯುವ ಮೊದಲೇ ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು, ಸ್ಕ್ಯಾನಿಗೆ ಮಲಗಿ, ಅಲ್ಲಿಂದ ನೇರ ಆಫೀಸು. ಇದ್ಯಾವುದನ್ನೂ ನಾನು ಯಾರಿಗೂ ಹೇಳಿರಲಿಲ್ಲ. ನಮ್ಮ ಜನಕ್ಕೆ ಹೇಳಿದರೆ ಮೆಂತ್ಯದ ನೀರು ಕುಡಿ ಅನ್ನುತ್ತಾರೆ, ಇಲ್ಲವೇ ಅಯ್ಯೋ ಪಾಪ ಅನ್ನುತ್ತಾರೆ. ಎರಡೂ ನನಗೆ ಬೇಡವಾಗಿತ್ತು.

ಕಾಕು ಮಾತ್ರ ಬಿಡುತ್ತಿರಲಿಲ್ಲ. ವಾಷಿಂಗ್ ಮಷೀನು ನಮ್ಮ ಬೇಸ್‌ಮೆಂಟಿನಲ್ಲಿತ್ತು. ಅದರ ನೆಪದಲ್ಲಿ ಬಾಗಿಲು ತಟ್ಟದೆ ಇಳಿದು ಬಂದು, ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಶುರು ಮಾಡುತ್ತಿದ್ದರು.

"ನಿನ್ನ ವಾರಿಗಿಯವರಿಗೆಲ್ಲಾ ಎರಡೆರಡು ಅವ. ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ, ಗೊತ್ತಿಲ್ಲೇನು?"

ಒಂದು ದಿನ ನನಗೂ ರೇಗಿತು. ಕಾಕುವಿಗಿದ್ದದ್ದೂ ಒಬ್ಬನೇ ಮಗ, ಮಾರ್ಕಮ್‌ನಲ್ಲಿ ದೊಡ್ಡ ಮನೆ, ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದ.

"ನಿಮಗೂ ಒಬ್ಬನೇ ಅಲ್ವಾ ಕಾಕು?" ಎಂದೆ, ಬೇಕೆಂದೇ.

"ಅದಕ್ಕ ಹೇಳೂದು" ಎಂದರು. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು. ಆವತ್ತು ನನಗೆ ಗೆದ್ದಂತೆ ಅನ್ನಿಸಿತ್ತು.

ಶುಕ್ರವಾರ ಸಂಜೆ ಅವರ ಮನೆಯಲ್ಲಿ ಪೂಜೆ, ಹೆಂಗಸರಿಗೆ ಅರಿಶಿನ ಕುಂಕುಮ, ಉಡಿ ತುಂಬುವುದು. ಮುಟ್ಟಾದವರು ಬರುವ ಹಾಗಿಲ್ಲ. "ಈ ವಾರ ಬರಂಗಿಲ್ಲ ಕಾಕು" ಎಂದು ಫೋನು ಮಾಡಿದರೆ ಸಾಕು, ಯಾರ ತಿಂಗಳು ಯಾವಾಗ ಎಂದು ಇಡೀ ಕೂಟಕ್ಕೆ ತಿಳಿಯುತ್ತಿತ್ತು. ನಾಡು ಬಿಟ್ಟು ಸಾವಿರಾರು ಮೈಲಿ ಬಂದರೂ ನಮ್ಮವರು ಈ ವ್ಯವಸ್ಥೆಯನ್ನು ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದಿದ್ದಾರೆ. ೨೦೧೬ರಲ್ಲಿ ಶ್ರಾವಣದಿಂದ ನವರಾತ್ರಿಯವರೆಗೆ ನಾನು ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ತಪ್ಪಿಸಲು ಕಾರಣವೇ ಬರಲಿಲ್ಲ. ಕಾಕು ಅದನ್ನು ಗಮನಿಸುತ್ತಿದ್ದರು. ಬಿಸಿಗಾಳಿ ಹಾಯಿಸುವ ಡಕ್ಟಿನ ಮೂಲಕ ನನ್ನ ವಾಂತಿಯ ಸದ್ದು ಮೇಲಕ್ಕೆ ಕೇಳುತ್ತಿತ್ತು. ಬೆಳಗಿನ ಜಾವ ಆಸ್ಪತ್ರೆಗೆ ಹೋಗುವುದನ್ನೂ ಕಿಟಕಿಯಿಂದ ನೋಡಿದ್ದರು. ಎಲ್ಲ ಕೂಡಿಸಿ ತಮ್ಮ ತೀರ್ಮಾನಕ್ಕೆ ಬಂದರು.

ದಸರಾ ಕಳೆದ ಶನಿವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮೇಲೆ ಬಾ ಎಂದರು. ಹೋದೆ. ಶುಕ್ರವಾರ ಬರುವ ಹೆಂಗಸರೇ ಐದಾರು ಜನ, ರೇಷ್ಮೆ ಸೀರೆಯಲ್ಲಿ. ಹೋಳಿಗೆಯ ವಾಸನೆ. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹೊಸ ಹಸಿರು ಸೀರೆ ಹೆಗಲಿಗೆ ಹೊದಿಸಿ, ಹಸಿರು ಗಾಜಿನ ಬಳೆ ತೊಡಿಸಿ, ಅವರ ಕಡೆ ಕುಬಸ ಎನ್ನುವ ಹಸಿರು ರವಿಕೆಯ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು ನನ್ನ ಸೆರಗಿಗೆ ಹಾಕಿದರು. ದಸರೆಯ ಉಡಿಯಿರಬೇಕು, ಹಬ್ಬದ ದಿನ ಬಿಟ್ಟುಹೋದದ್ದನ್ನು ಈಗ ತುಂಬುತ್ತಿದ್ದಾರೆ ಎಂದುಕೊಂಡೆ. ಗಂಡನ ಊರಿನ ಪದ್ಧತಿಗಳೆಲ್ಲ ನನಗೆ ಗೊತ್ತಿರಲಿಲ್ಲ. ಆರತಿ ತಟ್ಟೆ ಹಿಡಿದ ಹೆಂಗಸೊಬ್ಬಳು ಕಿವಿಯ ಹತ್ತಿರ ಬಾಗಿ, "ಮೂರು ತುಂಬಿದ್ವೋ, ನಾಲ್ಕರಾಗ ಬಿದ್ದದೋ?" ಎಂದಳು.

ನನಗೆ ಅರ್ಥವಾಗಲಿಲ್ಲ. ಕಾಕು ನಕ್ಕರು.

"ಕಳ್ಳ ಕುಬಸ ಅಂದ್ರ ಇದ ನೋಡವಾ. ನಿಮ್ಮ ಉಡುಪಿ ಕಡೆ ಇಲ್ಲ ಕಾಣಸ್ತದ. ಹೊಟ್ಟಿ ಕಾಣೂಕಿಂತ ಮೊದಲ, ಯಾರಿಗೂ ಹೇಳಲಾರದ, ಕದ್ದು ಮಾಡೂದು. ನೀ ಬಾಯಿ ಬಿಡಲಿಲ್ಲ ಅಂದ್ರ ನಮಗ ತಿಳಿಯೂದಿಲ್ಲೇನು?"

ನಮ್ಮ ಕಡೆ ಏಳನೇ ತಿಂಗಳಲ್ಲಿ ಬಯಕೆ ಮಾಡುತ್ತಾರೆ, ಊರಿಗೆಲ್ಲ ಹೇಳಿ. ಹೀಗೆ ಕದ್ದು ಮಾಡುವ ಶಾಸ್ತ್ರ ಒಂದಿದೆ ಎಂದು ನನಗೆ ಆ ಮಣೆಯ ಮೇಲೆಯೇ ತಿಳಿದದ್ದು. ಅಷ್ಟರಲ್ಲಿ ಹೋಳಿಗೆ ತಿನ್ನುತ್ತಿದ್ದ ಮಗಳು ತಲೆಯೆತ್ತಿ, "ಅಮ್ಮಾ, ಆರ್ ವಿ ಗೆಟಿಂಗ್ ಎ ಬೇಬಿ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. "ಹೂಂ ಪುಟ್ಟಿ. ನಿನಗ ತಮ್ಮ ಬರ್ತಾನ. ನಾ ಹೇಳ್ತೀನಿ, ಬಂದ ಬರ್ತಾನ."

ಉಳಿದದ್ದನ್ನೆಲ್ಲ ಕ್ಷಮಿಸಬಹುದಿತ್ತೇನೋ. ಇದನ್ನು ಕ್ಷಮಿಸಲು ಆಗಲಿಲ್ಲ, ಈಗಲೂ ಆಗಿಲ್ಲ.

ನಾನು ಎದ್ದೆ. ಸೆರಗಿನ ಅಕ್ಕಿಯೆಲ್ಲ ಕಾರ್ಪೆಟ್ಟಿನ ಮೇಲೆ ಚೆಲ್ಲಿತು.

"ನಾನು ಬಸುರಿ ಅಲ್ಲ" ಎಂದೆ.

"ಹಂಗಾರ ಇಷ್ಟು ದಿವಸ ನೀ ಒಮ್ಮೆನೂ ಹೊರಗ ಕೂತಿಲ್ಲಲ್ಲ?"

"ನಂಗೆ ಮುಟ್ಟೇ ಆಗುದಿಲ್ಲ ಕಾಕು! ತಿಂಗಳುಗಟ್ಟಲೆ ಆಗುದಿಲ್ಲ. ಕಾಯಿಲೆ ಅದು, ಅಂಡಾಶಯದಲ್ಲಿ ಗುಳ್ಳೆ. ಮಗು ಆಗ್ಲಿ ಅಂತಲೇ ಆಸ್ಪತ್ರೆಗೆ ಓಡ್ತಾ ಇದ್ದೇನೆ. ಸಾಕಾ? ಇನ್ನೆಂತ ಬೇಕು ನಿಮ್ಗೆ?"

ಯಾವ ಹೆಂಗಸೂ ನನ್ನ ಕಡೆ ನೋಡಲಿಲ್ಲ. ತಪ್ಪಾಯಿತು ಎಂಬ ಮಾತು ಕಾಕುವಿನ ಬಾಯಿಂದ ಬರಬಹುದೆಂದು ಕಾದೆ. ಅವರು ಹೇಳಿದ್ದು, "ಮೊದಲ ಹೇಳೂದಲ್ಲೇನು?" ತಪ್ಪು ನನ್ನದೇ ಆಯಿತು. ಸಂಜೆ ಅವರ ಗಂಡ ಒಂದು ಡಬ್ಬಿ ತುಂಬ ಹೋಳಿಗೆ ತಂದು ನಮ್ಮ ಬಾಗಿಲಲ್ಲಿಟ್ಟು ಹೋದರು. ಆ ಮನುಷ್ಯ ಜನ್ಮದಲ್ಲಿ ಹೆಚ್ಚು ಮಾತಾಡಿದವರಲ್ಲ. ಮಾತಾಡಲು ಮನೆಯಲ್ಲಿ ಜಾಗವೂ ಇರಲಿಲ್ಲ.

"ಕಾಕು ಮನಸ್ಸಿನ್ಯಾಗ ಏನೂ ಇಲ್ಲ, ಹಿರ್ಯಾಕಿ, ಬಿಡು" ಎಂದರು ನನ್ನ ಗಂಡ.

"ಮನಸ್ಸಲ್ಲಿ ಹೇಗೆ ಇರ್ತದೆ ಮಾರಾಯ್ರೆ? ಎಲ್ಲ ಬಾಯಲ್ಲೇ ಉಂಟಲ್ಲ!" ಎಂದೆ. ಅವರು ನಕ್ಕರು. ನನಗೆ ಇನ್ನಷ್ಟು ಸಿಟ್ಟು ಬಂತು.

ಆವತ್ತೇ ಮಗಳಿಗೆ ಹೇಳಿದೆ, ಮಗು ಇಲ್ಲ, ಕಾಕು ತಪ್ಪು ತಿಳಿದುಕೊಂಡಿದ್ದರು ಎಂದು. ಅವಳು "ಬಟ್ ಕಾಕು ಸೆಡ್" ಎಂದಳು. ಐದು ವರ್ಷದ ಮಗುವಿಗೆ ನನಗಿಂತ ಕಾಕು ದೊಡ್ಡವರು, ದಿನವೂ ಬಸ್ಸಿನಿಂದ ಇಳಿಸಿಕೊಂಡು ಕೈಹಿಡಿದು ರಸ್ತೆ ದಾಟಿಸುವವರು. ಸ್ಕೂಲಿನಲ್ಲಿ ಹೇಳಿಯೂ ಬಂದಳು. ಅವಳ ಟೀಚರು ನನ್ನನ್ನು ಕಂಡವಳೇ ಕಂಗ್ರಾಜುಲೇಶನ್ಸ್ ಎಂದು ಕೈಚಾಚಿದಳು. ಸುಳ್ಳು ಹೇಳಿದವರು ಮೇಲಿನ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು, ಪಾರ್ಕಿಂಗ್ ಲಾಟಿನಲ್ಲಿ ನಿಂತು ಇಲ್ಲ, ಇಲ್ಲ ಎನ್ನಬೇಕಾದವಳು ನಾನು. ಮಗಳು ತನ್ನ ಬಟ್ಟೆಯ ಗೂಡಿನಲ್ಲಿ ಒಂದು ಖಾನೆ ಖಾಲಿ ಮಾಡಿ, ಅದರಲ್ಲಿ ಏನೂ ಇಡಬೇಡ ಎಂದು ನನಗೆ ಅಪ್ಪಣೆ ಮಾಡಿದ್ದಳು. ವರ್ಷ ಕಳೆದರೂ ಅದರಲ್ಲಿ ಏನೂ ಇಡಲು ಬಿಡಲಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವ. ಬಾಡಿಗೆಗೆ ಹಿಡಿದ ಸ್ಕೂಲಿನ ಹಾಲು, ಊಟದ ಉದ್ದ ಸಾಲು. ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ಮಗಳ ಕೆನ್ನೆ ಹಿಂಡಿ, "ಒಬ್ಬಳೇನಾ? ಎರಡನೇದು ಯಾವಾಗ?" ಎಂದರು. ನಾನು ಎಂದಿನಂತೆ ಹಲ್ಲು ಕಿಸಿದೆ. ಹಿಂದೆ ನಿಂತಿದ್ದ ಕಾಕು, ಮೈಕು ಬೇಡದ ದನಿಯಲ್ಲಿ ಹೇಳಿದರು.

"ಆಕಿಗೆ ಕೇಳಬ್ಯಾಡ್ರಿ. ಆಕಿ ಅಂಡಾಶಯದಾಗ ಗುಳ್ಳಿ ಅವ. ದವಾಖಾನಿಗೆ ಹೊಂಟಾಳ. ಇನ್ನೊಮ್ಮೆ ಯಾರರೆ ಕೇಳಿದ್ರ ನನ್ನ ಕಡೆ ಬೈಸ್ಕೋತೀರಿ."

ಬಿಸಿಬೇಳೆ ಬಾತ್ ಬಡಿಸುತ್ತಿದ್ದ ಗಂಡಸಿನ ಸೌಟು ಗಾಳಿಯಲ್ಲೇ ನಿಂತಿತು. ಆ ಸೌಟನ್ನು ಕಿತ್ತುಕೊಂಡು ಕಾಕುವಿನ ತಲೆಗೆ ಬಡಿಯಬೇಕೆನ್ನಿಸಿತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ಅನ್ನಿಸಿತು.

ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಟೊರೊಂಟೊ ಸುತ್ತಲಿನ ಕನ್ನಡಿಗರಲ್ಲಿ ಒಬ್ಬರೂ ಇಲ್ಲ. ಆ ದಿನ ಪಾರ್ಕಿಂಗ್ ಲಾಟಿನಲ್ಲಿ ಬೆಳಗಾವಿಯ ಹುಡುಗಿಯೊಬ್ಬಳು ಹಿಂದಿನಿಂದ ಓಡಿ ಬಂದು, "ಅಕ್ಕಾ, ನಂದೂ ಅದ ಕತಿ ರೀ. ಮನಿಯಾಗ ಅತ್ತಿಯವರಿಗೂ ಹೇಳಿಲ್ಲ" ಎಂದು ನನ್ನ ಕೈಹಿಡಿದು ಅತ್ತಳು. ಮುಂದೆ ಎಷ್ಟೋ ಬೆಳಿಗ್ಗೆ ನಾವಿಬ್ಬರೂ ಒಂದೇ ಕಾರಿನಲ್ಲಿ ಕ್ಲಿನಿಕ್ಕಿಗೆ ಹೋದೆವು. ಅವಳಿಗೆ ಮಗುವಾಯಿತು. ಕಾಕು ಬಾಯಿ ಹಾಕದಿದ್ದರೆ ಅವಳು ನನಗೆ ಸಿಗುತ್ತಲೇ ಇರಲಿಲ್ಲ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ನನ್ನ ಮಾನವನ್ನು ಊಟದ ಸಾಲಿನಲ್ಲಿ ಬಡಿಸಿದ್ದಕ್ಕೆ ನಾನು ಕೃತಜ್ಞಳಾಗಿರಬೇಕೇ? ಇರಬೇಕಾಗಿದೆ, ಅದೇ ನನ್ನ ಸಂಕಟ.

ಮರುವರ್ಷ ನಾವು ಮನೆ ಬದಲಾಯಿಸಿದೆವು. ಮಾತ್ರೆ, ಚುಚ್ಚುಮದ್ದು, ಸ್ಕ್ಯಾನು ಇನ್ನೂ ಸ್ವಲ್ಪ ಕಾಲ ನಡೆದವು. ಒಮ್ಮೆ ಬಸಿರು ನಿಂತಿತು, ಎಂಟು ವಾರಕ್ಕೆ ಹೋಯಿತು. ಆ ಸುದ್ದಿ ಕಾಕುವಿಗೆ ತಲುಪದಂತೆ ನೋಡಿಕೊಂಡೆ. ೨೦೧೮ರ ಕೊನೆಗೆ ನಾನೂ ಗಂಡನೂ ಅಡುಗೆಮನೆಯಲ್ಲಿ ನಿಂತು ಸಾಕು ಎಂದುಕೊಂಡೆವು. ಮಗಳಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ನಾಳೆ ಹೇಳೋಣ ಎಂದು ದಿನ ದೂಡಿದೆವು.

ಮರುವರ್ಷ ಕಾಕು ಹೋದರು, ಹೃದಯಾಘಾತ. ಎಂಟು ವರ್ಷದವಳಾಗಿದ್ದ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಫ್ಯೂನರಲ್ ಹೋಮಿನಲ್ಲಿ ಕಾಕುವಿಗೆ ರೇಷ್ಮೆ ಸೀರೆ ಉಡಿಸಿ ಮಲಗಿಸಿದ್ದರು. ಬಾಯಿ ಮುಚ್ಚಿತ್ತು. ಅವರನ್ನು ಹಾಗೆ ನಾನು ಕಂಡೇ ಇರಲಿಲ್ಲ. ಅವರ ಗಂಡ ಕುರ್ಚಿಯಲ್ಲಿ ಮುದುಡಿ ಕೂತಿದ್ದರು, ಯಾರು ಬಂದರೂ ಅವರಿಗೆ ಗುರುತು ಹತ್ತುತ್ತಿರಲಿಲ್ಲ. ಮಾರ್ಕಮ್‌ನ ಮಗ ಪೆಟ್ಟಿಗೆಯ ಪಕ್ಕ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದ. ಪುರೋಹಿತರು ಕರೆದರೂ ಅವನೇ, ಅಲ್ಲಿನ ಆಫೀಸಿನವರು ಸಹಿಗೆ ಕರೆದರೂ ಅವನೇ, ಅಪ್ಪನಿಗೆ ನೀರು ಕುಡಿಸಲೂ ಅವನೇ ಓಡಬೇಕಾಗಿತ್ತು.

ಮಗಳು ಅವನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತೋಳು ಎಳೆದು ಪಿಸುಗುಟ್ಟಿದಳು. "ಅಮ್ಮಾ, ಈಸ್ ದಟ್ ಗೋಯಿಂಗ್ ಟು ಬಿ ಮಿ?"

ಇಲ್ಲ ಪುಟ್ಟಿ, ಹಾಗೇನಿಲ್ಲ ಎನ್ನಬಹುದಿತ್ತು. ಎದುರಿಗೆ ಮಲಗಿದ್ದ ಕಾಕು ಆಗಿದ್ದರೆ ಅನ್ನುತ್ತಿದ್ದರು, ತಲೆಯ ಮೇಲೆ ಕೈಯಿಟ್ಟು, ನಗುತ್ತಾ.

"ಹೌದು" ಎಂದೆ. "ನಿಂಗೆ ತಮ್ಮ ತಂಗಿ ಯಾರೂ ಬರುದಿಲ್ಲ ಮಗಾ. ನಾವು ತುಂಬ ಪ್ರಯತ್ನ ಮಾಡಿದೆವು."

ಅವಳು "ಓಕೆ" ಎಂದಳು. ಮೇಜಿನ ಮೇಲಿದ್ದ ಕಾಗದದ ಲೋಟದಲ್ಲಿ ನೀರು ಹಿಡಿದು, ತುಳುಕದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಆ ಮಗನಿಗೆ ಕೊಟ್ಟಳು.

ಆಗ ನನಗೆ ಅಳು ಬಂತು. ನಿಲ್ಲಿಸಲಾಗದಂಥ ಅಳು. ಶುಕ್ರವಾರದ ಹೆಂಗಸರೆಲ್ಲ ನನ್ನನ್ನು ಸುತ್ತುವರಿದು ಬೆನ್ನು ಸವರಿದರು. "ಭಾಳ ಹಚ್ಚಿಕೊಂಡಿದ್ದಳ್ರಿ ಕಾಕುನ್ನ" ಎಂದರು ಒಬ್ಬರು, ಕಣ್ಣೊರೆಸಿಕೊಳ್ಳುತ್ತ. ಆ ಸಲ ನಾನು ಯಾರನ್ನೂ ತಿದ್ದಲಿಲ್ಲ.