ಹನ್ನೆರಡನೆಯ ಚೀಟಿ

ಗೋದಾಮಿನೊಳಗಿನ ಸದ್ದು ನಿಂತಿತ್ತು. ಬೀಗ ತೆಗೆದು, ಅಂಟಿನ ಬಕೆಟ್ಟು ಕೆಳಗಿಟ್ಟು, ಅಂಟು ಮಾವ ಬಾಗಿಲಲ್ಲೇ ಕಿವಿಗೊಟ್ಟು ನಿಂತ. ಹನ್ನೊಂದು ವರ್ಷ ಆ ಬಾಗಿಲು ತೆರೆದಾಗಲೆಲ್ಲ ಒಳಗಿನಿಂದ ಒಂದು ಸಣ್ಣ ಸದ್ದು ಬಂದು ಅವನನ್ನು ಎದುರುಗೊಳ್ಳುತ್ತಿತ್ತು. ಒಣ ಎಲೆಯನ್ನು ಯಾರೋ ಬೆರಳಲ್ಲಿ ಮೆಲ್ಲಗೆ ಉಜ್ಜಿದ ಹಾಗೆ. ಸಾವಿರ ಜನ ಒಟ್ಟಿಗೆ ಕೂತು ಬಾಯಿ ಮುಚ್ಚಿಕೊಂಡು ಅಗಿದ ಹಾಗೆ. ಅಕ್ಕಿಯ ಹುಳು. ಆ ಕಟ್ಟಡದಲ್ಲಿ ನಿಜವಾಗಿ ಊಟ ಮಾಡುತ್ತಿದ್ದವು ಅವು ಮಾತ್ರ. ಅವತ್ತು ಬೆಳಿಗ್ಗೆ ಅವೂ ಎದ್ದು ಕೈ ತೊಳೆದುಕೊಂಡು ಹೋಗಿದ್ದವು.

ಪುರಸಭೆಯ ನೆರೆ ಪರಿಹಾರದ ಗೋದಾಮು ಅದು. ಹೊಳೆ ಉಕ್ಕಿದರೆ ತಗ್ಗುಬೀದಿಯ ಜನಕ್ಕೆ ಮೂರು ದಿನ ಉಣ್ಣಿಸುವಷ್ಟು ಅಕ್ಕಿ ಅಲ್ಲಿ ಸದಾ ಇರಬೇಕು, ಪ್ರತಿ ಚೀಲದ ಮೇಲೂ ಆ ವರ್ಷದ ತಾರೀಖಿರಬೇಕು. ಇದು ನಿಯಮ. ಮೊದಲ ವರ್ಷ ಅಕ್ಕಿಯೂ ಹೊಸದು, ತಾರೀಖೂ ಹೊಸದು. ಎರಡನೆಯ ವರ್ಷ ಹಳೆ ಅಕ್ಕಿಯನ್ನು ಶಾಲೆಗಳಿಗೆ ಕೊಟ್ಟು ಹೊಸದು ತುಂಬಬೇಕಿತ್ತು. ಅದಕ್ಕೆ ಮೇಲಿನ ಕಚೇರಿಯ ಅಪ್ಪಣೆ ಬೇಕು. ಅಪ್ಪಣೆ ಬರುವುದರೊಳಗೆ ತಪಾಸಣೆ ಬಂತು. ಈಗ ಚೀಟಿ ಬದಲಾಯಿಸು, ಚೀಲ ಆಮೇಲೆ ನೋಡೋಣ ಅಂದರು ಸಾಹೇಬರು. ಆ ಸಾಹೇಬರು ವರ್ಗವಾಗಿ ಹೋದರು, ಅವರ ನಂತರದವರೂ ಹೋದರು. ಆ ‘ಆಮೇಲೆ’ ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ.

ಅಂದಿನಿಂದ ಪ್ರತಿ ಮಳೆಗಾಲದ ಮೊದಲು ಮೈದಾ ಕಾಯಿಸಿ ಅಂಟು ಮಾಡಿ, ಹಳೆ ಚೀಟಿಯ ಮೇಲೆ ಹೊಸ ಚೀಟಿ ಹಚ್ಚುವುದು ಅವನ ಕೆಲಸವಾಯಿತು. ಹೆಸರು ಅಂಟು ಮಾವ ಅಂತಾಯಿತು. ಈ ಕೈ ಮನೆಗೆಲಸ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂದು ಹೆಂಡತಿ ಮೂದಲಿಸುತ್ತಿದ್ದಳು. ಅಚ್ಚುಕಟ್ಟಿನ ಮನುಷ್ಯ. ಒಂದು ಚೀಟಿಯೂ ಸೊಟ್ಟಗಿರುತ್ತಿರಲಿಲ್ಲ, ಒಂದು ಮೂಲೆಯೂ ಎದ್ದಿರುತ್ತಿರಲಿಲ್ಲ. ಕಳ್ಳ, ಸೋಮಾರಿ ಅನ್ನೋಣ ಎಂದರೆ ಅವನು ಎರಡೂ ಅಲ್ಲ. ಹೇಳಿದ ಸುಳ್ಳನ್ನು ನೇರವಾಗಿ ಅಂಟಿಸುವ ಪ್ರಾಮಾಣಿಕ. ಇಂಥವರಿಲ್ಲದೆ ಯಾವ ಕಚೇರಿಯೂ ಒಂದು ದಿನ ನಡೆಯುವುದಿಲ್ಲ.

ಅವನು ಆ ಕೆಲಸಕ್ಕೆ ಸೇರಿದ್ದೇ ತಾಯಿಯ ಕಾರಣಕ್ಕೆ. ಹನ್ನೆರಡು ವರ್ಷದ ಹಿಂದೆ ಹೊಳೆ ಬಂದಾಗ ತಾಯಿ, ತಂಗಿ ಇಬ್ಬರೂ ಶಾಲೆಯ ತಾರಸಿಯ ಮೇಲೆ ಸಿಕ್ಕಿಕೊಂಡರು. ಇವನು ಹೊಳೆಯ ಆಚೆ ದಡದಲ್ಲಿ ಉಳಿದ. ಇದ್ದ ನಾಲ್ಕು ಬಿಸ್ಕತ್ತನ್ನು ಮಗಳ ಕೈಗೆ ಹಾಕಿ, ತನಗೆ ಹಸಿವಿಲ್ಲವೆಂದು ಹೇಳುತ್ತಲೇ ಸಕ್ಕರೆ ಕಾಯಿಲೆಯ ತಾಯಿ ಎರಡನೆಯ ದಿನ ಮಧ್ಯಾಹ್ನ ತೀರಿಹೋದಳು. ಊಟದ ಪೊಟ್ಟಣ ಹೊತ್ತ ದೋಣಿ ಬಂದದ್ದು ಮೂರನೆಯ ದಿನ. ಪಟ್ಟಿಯಲ್ಲಿ ಅವಳದು ನಲವತ್ತೊಂದನೆಯ ನಂಬರು. ಅದರ ಮುಂದೆ ಯಾರೋ ನೀಲಿ ಶಾಯಿಯಲ್ಲಿ ‘ತಲುಪಿದೆ’ ಎಂದು ಬರೆದಿದ್ದರು. ಪಕ್ಕದಲ್ಲಿ ಸೀರೆ ಹೊದಿಸಿ ಮಲಗಿಸಿದ್ದ ಹೆಣಕ್ಕೆ.

ಆ ಪಟ್ಟಿ ಇನ್ನೂ ಬದುಕಿತ್ತು. ವರ್ಷಕ್ಕೊಮ್ಮೆ ನೆರೆಯ ಅಣಕು ತಾಲೀಮು ನಡೆಯುವಾಗ, ಹೊಸ ಪಟ್ಟಿ ಮಾಡಲು ಬೇಸರವಾಗಿ, ಮಂಜೂರಾದ ಹಳೆ ಪಟ್ಟಿಯನ್ನೇ ತೆಗೆಯುತ್ತಿದ್ದರು. ಪುರಸಭೆಯ ನೌಕರರೇ ಸಂತ್ರಸ್ತರು. ಗುಮಾಸ್ತ ನಂಬರು ಕೂಗಬೇಕು, ಒಬ್ಬೊಬ್ಬರೇ ‘ಬಂದೆ’ ಎಂದು ತಟ್ಟೆ ಹಿಡಿದು ಬರಬೇಕು, ಖಾಲಿ ಪೊಟ್ಟಣ ಇಸಿದುಕೊಂಡು ಶಾಲೆಯ ಹಜಾರದಲ್ಲಿ ಸಾಲಾಗಿ ಕೂರಬೇಕು, ಫೋಟೋಕ್ಕೆ ಉಂಡ ಹಾಗೆ ಮಾಡಬೇಕು. ಕೈ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ತಟ್ಟೆಗೆ ಉಗುರು ತಾಗುವ ಸದ್ದು ಬಿಟ್ಟರೆ ಹಜಾರದಲ್ಲಿ ಬೇರೆ ಸದ್ದಿರುತ್ತಿರಲಿಲ್ಲ. ಅವನ ತಂಗಿ ಪುರಸಭೆಯಲ್ಲೇ ಕಸ ಗುಡಿಸುವವಳು. ನಲವತ್ತೊಂದನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅಮ್ಮನ ಪಾಲು ಕಂಡವರಿಗೆ ಯಾಕೆ ಹೋಗಬೇಕು ಅನ್ನುತ್ತಿದ್ದಳು.

ಈಗ ಹನ್ನೆರಡನೆಯ ಚೀಟಿ. ಮಧ್ಯಾಹ್ನ ತಾಲೀಮು. ಹೊರಗೆ ಸೇತುವೆ ಕಂಬದ ಕೆಂಪು ಗುರುತಿಗೆ ನೀರು ಎರಡೇ ಗೇಣು ಉಳಿಸಿತ್ತು. ಅವನು ಮೊದಲ ಚೀಲದ ಮೇಲೆ ಚೀಟಿ ಇಟ್ಟು ಹೆಬ್ಬೆರಳಲ್ಲಿ ಒತ್ತಿದ. ಬೆರಳು ಒಳಕ್ಕೆ ಹೋಯಿತು. ಬೆರಳ ಹಿಂದೆ ಅಂಗೈಯೂ ಹೋಯಿತು. ಒಳಗೆ ಜೇಡರ ಬಲೆಯಂಥ ನೂಲು, ಬೂದುಬಣ್ಣದ ಪುಡಿ, ಒಂದು ಕಾಳಿಲ್ಲ. ಎರಡು ಕೈಯಲ್ಲಿ ಎತ್ತಿದರೆ ಚೀಲ ದಿಂಬಿನ ಹಾಗೆ ಎದ್ದು ಬಂತು. ಅದನ್ನು ಬೀಳದಂತೆ ನಿಲ್ಲಿಸಿದ್ದು ಅವನ ಕೈಯ ಹನ್ನೊಂದು ಚೀಟಿ. ಪದರದ ಮೇಲೆ ಪದರ ಕೂತು ಹಲಗೆಯಾಗಿತ್ತು. ಎರಡನೆಯದು ಮುಟ್ಟಿದ, ಹತ್ತನೆಯದು ಮುಟ್ಟಿದ, ಗೋಡೆಗೆ ಹತ್ತಿದ್ದನ್ನೂ ಮುಟ್ಟಿದ. ಎಲ್ಲ ಹಾಗೇ. ಇಡೀ ಗೋದಾಮು ಅವನ ಸುತ್ತ ಉಸಿರು ಹಿಡಿದು ನಿಂತಂತಿತ್ತು.

ಓಡಿಹೋಗಿ ಸಾಹೇಬರಿಗೆ ಹೇಳಿದ. ಅವರು ತಪಾಸಣೆಯ ಅಧಿಕಾರಿಗೆ ಹಾಕಬೇಕಾದ ಕುರ್ಚಿಯ ಚಿಂತೆಯಲ್ಲಿದ್ದರು.

"ಹುಳ ಹೋಯ್ತು ಅಂದ್ರೆ ಒಳ್ಳೇದೇ ಅಲ್ವೇನ್ರೀ. ಕ್ಲೀನ್ ಆಯ್ತು. ಸ್ಟಾಕ್ ಬುಕ್ಕಿಗೆ ರುಜು ಹಾಕಿ ಬನ್ನಿ."

"ಅಕ್ಕಿ ಇಲ್ಲ, ಸಾರ್. ತಗ್ಗುಬೀದಿಯವ್ರು ಈ ಗೋದಾಮು ನಂಬ್ಕೊಂಡು ಮನೇಲೇ ಕೂತಿದಾರೆ."

"ಹೊಸದಕ್ಕೆ ಬರೆಯೋಣ. ಆಮೇಲೆ."

ಆ ಮಾತು ಕೇಳಿದ ಮೇಲೆ ಅವನು ಅಲ್ಲಿ ನಿಲ್ಲಲಿಲ್ಲ. ರುಜುವನ್ನೂ ಹಾಕಲಿಲ್ಲ.

ಮಧ್ಯಾಹ್ನ ಹಜಾರದಲ್ಲಿ ಗುಮಾಸ್ತ ನಂಬರು ಕೂಗುತ್ತಾ ಬಂದ. ನಲವತ್ತೊಂದು. ತಂಗಿ ‘ಬಂದೆ’ ಎಂದಳು, ಪ್ರತಿ ವರ್ಷದಂತೆ ತಾಯಿಯ ದನಿಯಲ್ಲೇ. ಪೊಟ್ಟಣ ಹಂಚುತ್ತಿದ್ದ ಅಂಟು ಮಾವ ಅವಳಿಗೆ ಪೊಟ್ಟಣ ಕೊಡಲಿಲ್ಲ. ಗೋದಾಮಿನಿಂದ ಬಗಲಲ್ಲಿಟ್ಟು ತಂದಿದ್ದ ಚೀಲವನ್ನು ಸೀಳಿ ಅವಳ ತಟ್ಟೆಗೆ ಬಗ್ಗಿಸಿದ. ಬೂದು ಪುಡಿ ಸುರಿಯಿತು. ಹಜಾರದ ತುಂಬ ಧೂಳು ಎದ್ದು ಎಲ್ಲರ ತಲೆಯ ಮೇಲೆ, ರೆಪ್ಪೆಯ ಮೇಲೆ ಕೂತಿತು. ಕುಳಿತವರೆಲ್ಲ ಕ್ಷಣದಲ್ಲಿ ಮುದುಕರಾದ ಹಾಗೆ ಕಂಡರು.

ತಂಗಿ ತಟ್ಟೆಯನ್ನು ನೋಡಿದಳು. ಅಣ್ಣನ ಮುಖ ನೋಡಿದಳು.

"ಇಷ್ಟು ವರ್ಷ ಇದನ್ನಾ ಅಣ್ಣ, ನೀನು ಕಾಯ್ತಾ ಇದ್ದಿದ್ದು?"

ಅಧಿಕಾರಿ ಕರವಸ್ತ್ರ ಮೂಗಿಗೆ ಹಿಡಿದು, ನಲವತ್ತೊಂದಕ್ಕೆ ತಲುಪಿತೇ ಎಂದು ಕೇಳಿದರು. ತಲುಪಿದೆ ಎಂದ ಗುಮಾಸ್ತ. "ತಲುಪಿಲ್ಲ" ಎಂದಳು ತಂಗಿ. ಅಷ್ಟರಲ್ಲಿ ಪೆನ್ನು ನಲವತ್ತೆರಡಕ್ಕೆ ಹೋಗಿತ್ತು. ಸಾಲಿನಲ್ಲಿ ಕೂತವರ ಕೈ ನಿಂತಿರಲಿಲ್ಲ. ತಟ್ಟೆಗೆ, ಬಾಯಿಗೆ, ತಟ್ಟೆಗೆ, ಬಾಯಿಗೆ. ಸಾಕು ಎಂದು ಫೋಟೋದವನು ಹೇಳುವ ತನಕ ಅವರು ಆ ಪುಡಿ ಬಿದ್ದ ತಟ್ಟೆಗಳಲ್ಲಿ ಹಾಗೇ ಉಣ್ಣುತ್ತಿದ್ದರು.

ಅಂಟು ಮಾವ ಹೊರಗೆ ಬಂದ. ಬಕೆಟ್ಟಿನಲ್ಲಿ ಅಂಟು ಹಾಗೇ ಇತ್ತು, ಚೀಟಿಯ ಕಟ್ಟೂ ಇತ್ತು. ಚೀಟಿಗಳನ್ನು ಬೆನ್ನು ಮೇಲೆ ಮಾಡಿ ಬರೆದ: ‘ಗೋದಾಮಿನಲ್ಲಿ ಅಕ್ಕಿ ಇಲ್ಲ. ಮನೆಯ ದಿನಸಿ ಎತ್ತಿಕೊಂಡು ಇವತ್ತೇ ದಿಬ್ಬದ ಆಸ್ಪತ್ರೆಗೆ ಹೋಗಿ.’ ಇಳಿಹೊತ್ತಿನ ಬೆಳಕಿನಲ್ಲಿ ತಗ್ಗುಬೀದಿಯ ಬಾಗಿಲು ಬಾಗಿಲಿಗೂ ಅಂಟಿಸುತ್ತ ಹೋದ. ಜೀವಮಾನದಲ್ಲಿ ಮೊದಲ ಸಲ ಸೊಟ್ಟಪಟ್ಟ. ಹಿಂದೆ ತಂಗಿ, ಕೈಯಲ್ಲಿ ಆ ತಟ್ಟೆ.

ಮೂಲೆಯಂಗಡಿಯ ದರ್ಜಿ ಹಲ್ಲು ಕಿರಿದು, "ಏನ್ ಮಾವ, ಈ ವರ್ಷ ನಮಗೂ ತಾರೀಖು ಹಚ್ತೀಯಾ?" ಅಂದ. ತಂಗಿ ತಟ್ಟೆಯನ್ನು ಅವನ ಮುಂದೆ ಹಿಡಿದಳು. ದರ್ಜಿ ಒಂದು ಚಿಟಿಕೆ ಎತ್ತಿ ಉಜ್ಜಿ ನೋಡಿದ, ಮೂಸಿದ. ನಗು ಅಲ್ಲೇ ಉಳಿಯಿತು, ಮನುಷ್ಯ ಒಳಗೆ ಹೋದ. ಹೊಲಿಗೆ ಯಂತ್ರ ಬಿಟ್ಟು ಅಕ್ಕಿಯ ಡಬ್ಬ ಹೊತ್ತು ಹೊರಬಂದ. ಅವನನ್ನು ನೋಡಿ ಪಕ್ಕದ ಮನೆ, ಅದನ್ನು ನೋಡಿ ಎದುರು ಮನೆ. ಕತ್ತಲಾಗುವುದರೊಳಗೆ ಬೀದಿಗೆ ಬೀದಿಯೇ ಪಾತ್ರೆ, ಸೌದೆ, ಮಕ್ಕಳನ್ನು ಹೊತ್ತು ದಿಬ್ಬ ಏರಿತ್ತು.

ನೀರು ಮರುದಿನ ಬೆಳಿಗ್ಗೆ ಬಂತು. ಆರು ದಿನ ಇತ್ತು. ದಿಬ್ಬದ ಮೇಲೆ ತಂದಿದ್ದನ್ನು ಒಟ್ಟು ಹಾಕಿ ದಿನಕ್ಕೊಂದು ಹೊತ್ತು ಬೇಯಿಸಿದರು. ಅರೆಹೊಟ್ಟೆಯಾದರೂ ಹೋದಷ್ಟೂ ಜನ ತಿರುಗಿ ಬಂದರು. ಬಂದು ನೋಡಿದರೆ ಪ್ರತಿ ಬಾಗಿಲಲ್ಲೂ ಕೆಸರಿನ ಗೆರೆ ಎದೆಮಟ್ಟಕ್ಕೆ, ಸರಿಯಾಗಿ ಚೀಟಿಯ ಕೆಳ ಅಂಚಿಗೆ ಬಂದು ನಿಂತಿತ್ತು. ಓದಿಕೊಂಡು ಹೋದ ಹಾಗೆ.

ಜನರಲ್ಲಿ ಭೀತಿ ಹಬ್ಬಿಸಿದ, ಸರ್ಕಾರಿ ಚೀಟಿ ದುರುಪಯೋಗ ಮಾಡಿದ ಎಂದು ಅಂಟು ಮಾವನನ್ನು ಕೆಲಸದಿಂದ ತೆಗೆದರು. ಅವನು ತಗ್ಗುಬೀದಿಯ ಬಾಗಿಲುಗಳನ್ನು ಬಿಸಿನೀರಲ್ಲಿ ಉಜ್ಜಿ ಚೀಟಿ ಕೆರೆಯುತ್ತಿದ್ದಾಗ ತಂಗಿ ಪುರಸಭೆಯಿಂದ ಬಂದಳು. ಅಲ್ಲಿ ಗೋಡೆಗೆ ಈ ನೆರೆಗೆ ಪರಿಹಾರ ಪಡೆದವರ ಪಟ್ಟಿ ಹಚ್ಚಿದ್ದರಂತೆ. ಮೂರು ದಿನ, ಎರಡು ಹೊತ್ತು, ಎಲ್ಲ ನಂಬರಿಗೂ ನೀಲಿ ಶಾಯಿ.

"ಅಮ್ಮನಿಗೂ ತಲುಪಿದೆಯಂತೆ ಅಣ್ಣ, ಈ ಸಲಾನೂ."

ಅವನು ಕೆರೆಯುವುದನ್ನು ನಿಲ್ಲಿಸಿದ. ಕಿವಿಗೊಟ್ಟ. ದೂರದಲ್ಲಿ ಗೋದಾಮಿನ ಬಾಗಿಲು ತೆರೆದು, ಒಳಗೆ ಯಾರೋ ಹೊಸಬರು ಅಂಟಿನ ಬಕೆಟ್ಟು ಕೆಳಗಿಟ್ಟ ಸದ್ದು ಕೇಳಿತು.